ಮಿಂಚಂಚೆ ಪತ್ರಿಕೆ: ಬೆಳೆಯುವ ಮುನ್ನ ಸ್ವತಂತ್ರ ಬರಹಗಾರರು ಮಾಡಿಕೊಳ್ಳಬೇಕಾದ ಸಿದ್ಧತೆ

ಓದುಗರಿಂದಲೇ ಚಂದಾ ಪಡೆದು ಬರೆಯುವ, ಪ್ರಕಟಿಸುವ ಪದ್ಧತಿ ಕನ್ನಡಕ್ಕೆ ಹೊಸದಲ್ಲ. ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಜನಿಸಿದ ಬೆಟಗೇರಿ ಕೃಷ್ಣಶರ್ಮರು (ಆನಂದಕಂದ) 1938ರಲ್ಲಿ 'ಜಯಂತಿ' ಮಾಸಪತ್ರಿಕೆಯನ್ನು ಆರಂಭಿಸಿ ಎರಡು ದಶಕಗಳಿಗೂ ಮಿಕ್ಕಿ ನಡೆಸಿದರು. ಜಿ.ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನೇ ನೆಚ್ಚಿಕೊಂಡು ಪುಸ್ತಕಗಳನ್ನು ಮನೆಮನೆಗೆ ತಲುಪಿಸಿತು. ಅದಕ್ಕೂ ಮುನ್ನ ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ್ದರು. 1980ರಲ್ಲಿ ಪಿ. ಲಂಕೇಶರು ಆರಂಭಿಸಿದ ವಾರಪತ್ರಿಕೆಯು ಜಾಹೀರಾತುಗಳನ್ನು ಪಡೆಯದೆ, ಓದುಗರು ಕೊಡುವ ಬೆಲೆಯನ್ನೇ ನಂಬಿ ನಿಂತಿತು. ಇವರೆಲ್ಲರ ನಿಜವಾದ ಬಂಡವಾಳ ಒಂದೇ ಆಗಿತ್ತು: ಬರೆಯುವವರಿಗೂ ಓದುವವರಿಗೂ ನಡುವೆ ಇದ್ದ ನೇರ ಸಂಬಂಧ.

ಇಂದು ಅದೇ ಸಂಬಂಧವನ್ನು ಅಂತರ್ಜಾಲದಲ್ಲಿ ಬೆಳೆಸಲು ಬಳಕೆಯಾಗುತ್ತಿರುವ ಸಾಧನವೇ ನ್ಯೂಸ್‌ಲೆಟರ್, ಅಂದರೆ ಮಿಂಚಂಚೆ ಪತ್ರಿಕೆ. ಓದುಗರು ತಮ್ಮ ಇ-ಮೇಲ್ ವಿಳಾಸವನ್ನು ಕೊಡುತ್ತಾರೆ. ಬರಹಗಾರರು ಬರೆದದ್ದು ನೇರವಾಗಿ ಅವರ ಅಂಚೆಪೆಟ್ಟಿಗೆಯನ್ನು ಸೇರುತ್ತದೆ. ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲೂಕುಗಳಲ್ಲಿ ಪತ್ರಿಕೆಗಳಿಗೆ ಬಿಡಿ ವರದಿ, ಅಂಕಣ, ಕೃಷಿ ಲೇಖನಗಳನ್ನು ಬರೆದು ಅನುಭವವುಳ್ಳ ಅನೇಕರು ಇಂಥ ಪ್ರಯತ್ನಕ್ಕೆ ಮುಂದಾಗಬಹುದು. ಅವರಿಗಾಗಿ ಕೆಲವು ವಿಷಯಗಳನ್ನು ಇಲ್ಲಿ ಕ್ರೋಡೀಕರಿಸಲಾಗಿದೆ. ಓದುಗರ ಸಂಖ್ಯೆ ಬೆಳೆದ ಮೇಲೆ ವ್ಯವಸ್ಥೆ ಮಾಡಿಕೊಂಡರಾಯಿತು ಎಂಬ ಭಾವನೆ ಸರಿಯಲ್ಲ. ಬೆಳವಣಿಗೆ ಬಂದಾಗ ಅದನ್ನು ಉಳಿಸಿಕೊಳ್ಳುವ ಸಿದ್ಧತೆ ಮೊದಲೇ ಆಗಿರಬೇಕು ಎಂಬುದೇ ಈ ಲೇಖನದ ತಾತ್ಪರ್ಯ.

ವಿಳಾಸಗಳ ಪಟ್ಟಿ ಯಾರ ಕೈಯಲ್ಲಿದೆ?

ಈ ಜಾಲತಾಣವು ಒಂದು ಕಾಲಕ್ಕೆ ಮುದ್ರಿತ ದಿನಪತ್ರಿಕೆಯಾಗಿತ್ತೆಂಬುದು ನಮ್ಮ ಹಳೆಯ ಓದುಗರಿಗೆ ತಿಳಿದೇ ಇದೆ. ಮುದ್ರಣ ನಿಂತ ದಿನ ನಮಗೆ ಅರಿವಾದ ಸತ್ಯವೊಂದಿದೆ. ಪತ್ರಿಕೆ ಯಾವ ಊರಿಗೆ ಎಷ್ಟು ಪ್ರತಿ ಹೋಗುತ್ತಿತ್ತೆಂಬ ಲೆಕ್ಕ ನಮ್ಮಲ್ಲಿತ್ತು. ಆದರೆ ಅದನ್ನು ಯಾರು ಓದುತ್ತಿದ್ದರೆಂಬ ಪಟ್ಟಿ ನಮ್ಮಲ್ಲಿರಲಿಲ್ಲ. ಅದು ಏಜೆಂಟರ ವಹಿಯಲ್ಲಿಯೂ ಪತ್ರಿಕೆ ಹಂಚುವ ಹುಡುಗರ ನೆನಪಿನಲ್ಲಿಯೂ ಇತ್ತು. ವರ್ಷಗಟ್ಟಲೆ ಬೆಳಿಗ್ಗೆ ನಮ್ಮನ್ನು ಬರಮಾಡಿಕೊಂಡ ಮನೆಗಳಿಗೆ 'ನಾವು ಈಗ ಇಲ್ಲಿದ್ದೇವೆ' ಎಂದು ಒಂದು ಕಾಗದ ಬರೆಯಲೂ ನಮಗೆ ಸಾಧ್ಯವಾಗಲಿಲ್ಲ. ಸ್ವತಂತ್ರ ಬರಹಗಾರರು ಈ ತಪ್ಪಿನಿಂದ ಪಾಠ ಕಲಿಯುವುದು ಒಳಿತು.

ಫೇಸ್‌ಬುಕ್ ಪುಟಕ್ಕೆ ಸಾವಿರಾರು ಮಂದಿ ಮೆಚ್ಚುಗೆ ಸೂಚಿಸಿರಬಹುದು, ವಾಟ್ಸ್‌ಆ್ಯಪ್ ಗುಂಪಿನಲ್ಲಿ ನೂರಾರು ಜನರಿರಬಹುದು. ಆದರೆ ಯಾವ ಬರಹ ಯಾರಿಗೆ ಕಾಣಬೇಕೆಂಬುದನ್ನು ಅಲ್ಲಿ ನಿರ್ಧರಿಸುವವರು ಬೇರೆ. ಮಿಂಚಂಚೆ ಪತ್ರಿಕೆಯಲ್ಲಿ ಓದುಗರ ಪಟ್ಟಿಯನ್ನು ಬರಹಗಾರರು ಕಡತವಾಗಿ ಇಳಿಸಿಕೊಂಡು ತಮ್ಮಲ್ಲಿಯೇ ಇಟ್ಟುಕೊಳ್ಳಬಹುದು. ಇದರ ಮಹತ್ವ ವೇದಿಕೆಗಳು ಮುಚ್ಚಿದಾಗ ತಿಳಿಯುತ್ತದೆ. ಟ್ವಿಟರ್ ಸಂಸ್ಥೆ 2021ರಲ್ಲಿ ಖರೀದಿಸಿದ 'ರೆವ್ಯೂ' ವೇದಿಕೆಯು 2023ರ ಜನವರಿಯಲ್ಲಿ ಮುಚ್ಚಿತು. ಫೇಸ್‌ಬುಕ್ 2021ರಲ್ಲಿ ಆರಂಭಿಸಿದ 'ಬುಲೆಟಿನ್' ಕೂಡ 2023ರಲ್ಲಿ ನಿಂತಿತು. 'ಟೈನಿಲೆಟರ್' 2024ರ ಫೆಬ್ರುವರಿ ಅಂತ್ಯಕ್ಕೆ ಕೊನೆಗೊಂಡಿತು. ಪಟ್ಟಿಯನ್ನು ಇಳಿಸಿಕೊಂಡವರು ಬೇರೆಡೆ ತಮ್ಮ ಪತ್ರಿಕೆಯನ್ನು ಮುಂದುವರಿಸಲು ಸಾಧ್ಯವಿತ್ತು. ಉಳಿದವರು ಮೊದಲಿನಿಂದ ಆರಂಭಿಸಬೇಕಾಗಿತ್ತು. ಆದುದರಿಂದ ಪ್ರತಿ ತಿಂಗಳ ಮೊದಲ ದಿನ ಪಟ್ಟಿಯ ಪ್ರತಿಯೊಂದನ್ನು ಇಳಿಸಿಕೊಂಡು, ಭದ್ರವಾದ ಎರಡು ಕಡೆ ಇಡುವುದು ಮೊದಲ ಅಭ್ಯಾಸವಾಗಬೇಕು.

ವೇದಿಕೆಯ ಆಯ್ಕೆ

ಸದ್ಯ ಹೆಚ್ಚು ಬಳಕೆಯಲ್ಲಿರುವ ವೇದಿಕೆಗಳಲ್ಲಿ ಸಬ್‌ಸ್ಟ್ಯಾಕ್ 2017ರಲ್ಲಿಯೂ ಘೋಸ್ಟ್ 2013ರಲ್ಲಿಯೂ ಬೀಹೈವ್ 2021ರಲ್ಲಿಯೂ ಆರಂಭವಾದವು. ಸಬ್‌ಸ್ಟ್ಯಾಕ್‌ನಲ್ಲಿ ಉಚಿತ ಪತ್ರಿಕೆ ನಡೆಸಲು ಶುಲ್ಕವಿಲ್ಲ. ಹಣ ಪಡೆಯುವ ಪತ್ರಿಕೆಯಾದರೆ ಚಂದಾ ಮೊತ್ತದ ಶೇ. 10ರಷ್ಟನ್ನು ಅದು ಪಡೆಯುತ್ತದೆ. ಘೋಸ್ಟ್ ಮುಕ್ತ ತಂತ್ರಾಂಶ. ಚಂದಾದಲ್ಲಿ ಪಾಲು ಕೇಳುವುದಿಲ್ಲ, ಆದರೆ ಅದನ್ನು ನಡೆಸುವ ಸರ್ವರ್‌ನ ವೆಚ್ಚ ಬರಹಗಾರರದು. ಆರಂಭಿಸುವವರು ವೇದಿಕೆಯ ಅಂದಚಂದಕ್ಕಿಂತ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಪಟ್ಟಿಯನ್ನು ಇಳಿಸಿಕೊಳ್ಳಬಹುದೇ? ಹಳೆಯ ಲೇಖನಗಳನ್ನು ಇಳಿಸಿಕೊಳ್ಳಬಹುದೇ? ಸ್ವಂತ ಹೆಸರಿನ ಜಾಲವಿಳಾಸವನ್ನು ಜೋಡಿಸಬಹುದೇ? ಮೂರಕ್ಕೂ ಹೌದೆಂಬ ಉತ್ತರವಿದ್ದರೆ ಮುಂದೆ ವೇದಿಕೆ ಬದಲಾದರೂ ಪತ್ರಿಕೆ ಉಳಿಯುತ್ತದೆ.

ಓದುಗರು ಒಮ್ಮೆಲೇ ಬರುತ್ತಾರೆ

ಓದುಗರ ಸಂಖ್ಯೆ ಪ್ರತಿವಾರ ಸಮವಾಗಿ ಏರುತ್ತ ಹೋಗುವುದು ಅಪರೂಪ. ಬಹುಕಾಲ ಅಲ್ಲಿಯೇ ನಿಂತಂತಿದ್ದು, ಒಂದು ಘಟನೆಯಿಂದ ಒಮ್ಮೆಲೇ ಏರಬಹುದು. ನಮ್ಮ ಭಾಗದಲ್ಲಿಯೇ ಇದಕ್ಕೆ ಸಂದರ್ಭಗಳು ದೊರೆತಿವೆ. 2025ರ ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ದರ ಕೇಳಿ ಧರಣಿ ಕುಳಿತಾಗ ಇಡೀ ರಾಜ್ಯದ ದೃಷ್ಟಿ ಅತ್ತ ಹರಿಯಿತು. ಕೊನೆಗೆ ಸರ್ಕಾರ 3,300 ರೂಪಾಯಿ ದರವನ್ನು ಪ್ರಕಟಿಸಿತು. ಆ ವಾರ ಬೆಂಗಳೂರಿನ ಓದುಗರಿಗೆ ಬೇಕಾಗಿದ್ದುದು ಘೋಷಣೆಗಳ ಚಿತ್ರಗಳಷ್ಟೇ ಅಲ್ಲ. ಕೇಂದ್ರ ಸರ್ಕಾರ 2025-26ಕ್ಕೆ ಕ್ವಿಂಟಲಿಗೆ 355 ರೂಪಾಯಿ ನ್ಯಾಯಸಮ್ಮತ ದರ ನಿಗದಿ ಮಾಡಿದ್ದರೂ ರೈತರ ಕೈಗೆ ಬರುವ ಮೊತ್ತ ಏಕೆ ಬೇರೆ? ಆ ದರ ಶೇ. 10.25ರ ಸಕ್ಕರೆ ಇಳುವರಿಗೆ ಹೊಂದಿಕೊಂಡಿದೆ ಎಂದರೇನು? ಕಟಾವು ಮತ್ತು ಸಾಗಣೆ ವೆಚ್ಚವನ್ನು ಯಾರು ಭರಿಸುತ್ತಾರೆ? ಇವುಗಳಿಗೆ ಶಾಂತವಾಗಿ, ಲೆಕ್ಕಸಮೇತ ಉತ್ತರಿಸಬಲ್ಲವರು ಕಬ್ಬಿನ ಗದ್ದೆಯ ಪಕ್ಕದಲ್ಲಿಯೇ ಬದುಕುವ ಬರಹಗಾರರು.

ಇಂಥ ವಾರದಲ್ಲಿ ಬರಹಗಾರರ ಬಳಿ ಏನು ಸಿದ್ಧವಿರಬೇಕು? ಒಂದು, ವಿಷಯವನ್ನು ಬುಡದಿಂದ ವಿವರಿಸುವ, ಮೊದಲೇ ಬರೆದು ತಿದ್ದಿಟ್ಟ ಲೇಖನ. ಎರಡು, ಅದನ್ನು ಓದಿದವರು ಕೂಡಲೇ ವಿಳಾಸ ಕೊಡಲು ಅನುವಾಗುವ, ಲೇಖನದ ಆರಂಭದಲ್ಲಿಯೂ ಕೊನೆಯಲ್ಲಿಯೂ ಇರುವ ಸರಳ ನಮೂನೆ. ಮೂರು, ವಿಳಾಸ ಕೊಟ್ಟ ಕ್ಷಣದಲ್ಲಿಯೇ ತಲುಪುವ ಸ್ವಾಗತಪತ್ರ. ಬರೆಯುವವರು ಯಾರು, ಯಾವ ವಿಷಯ, ಯಾವ ವಾರ, ಎಷ್ಟು ಹೊತ್ತಿಗೆ ಬರುತ್ತದೆ, ಬೇಡವೆನಿಸಿದರೆ ಬಿಡುವುದು ಹೇಗೆ ಎಂಬುದನ್ನು ಅದರಲ್ಲಿ ಹತ್ತು ವಾಕ್ಯಗಳೊಳಗೆ ತಿಳಿಸಬೇಕು. ನಾಲ್ಕು, ಮುಂದಿನ ಮೂರು ಸಂಚಿಕೆಗಳು. ಹೊಸದಾಗಿ ಬಂದ ಓದುಗರಿಗೆ ಒಂದು ತಿಂಗಳು ಏನೂ ಬಾರದಿದ್ದರೆ, ತಾವು ವಿಳಾಸ ಕೊಟ್ಟದ್ದನ್ನೇ ಅವರು ಮರೆಯುತ್ತಾರೆ. ಆಮೇಲೆ ಬಂದ ಪತ್ರವನ್ನು ಅನಪೇಕ್ಷಿತವೆಂದು ತಳ್ಳಿಬಿಡುತ್ತಾರೆ.

ನೆರೆಯ ವಿಷಯದಲ್ಲಿಯೂ ಹೀಗೆಯೇ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣದ ತಗ್ಗು ಪ್ರದೇಶಗಳು ಮುಳುಗಿದವು. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಿಂದ ಎಷ್ಟು ನೀರು ಬಿಟ್ಟರೆ ಲೋಳಸೂರ ಸೇತುವೆಯ ಸ್ಥಿತಿ ಏನಾಗುತ್ತದೆ, ಮಾರ್ಕಂಡೇಯ ನದಿಯ ನೀರು ಅದಕ್ಕೆ ಹೇಗೆ ಕೂಡಿಕೊಳ್ಳುತ್ತದೆ ಎಂಬುದನ್ನು ಒಮ್ಮೆ ಸರಿಯಾಗಿ ಬರೆದಿಟ್ಟರೆ, ಪ್ರತಿ ಮಳೆಗಾಲದಲ್ಲಿ ಆ ಲೇಖನವನ್ನು ಹೊಸ ಅಂಕಿಅಂಶಗಳೊಂದಿಗೆ ಕಳುಹಿಸಬಹುದು. ಪುಣೆ, ಕೊಲ್ಲಾಪುರ, ಬೆಂಗಳೂರುಗಳಲ್ಲಿ ನೆಲೆಸಿ, ತಂದೆತಾಯಿಯರನ್ನು ಊರಿನಲ್ಲಿ ಬಿಟ್ಟಿರುವವರು ಇಂಥ ಬರಹವನ್ನು ಹುಡುಕಿ ಓದುತ್ತಾರೆ.

ನಿಯತಕಾಲ ಮತ್ತು ದಾಸ್ತಾನು

ವಾರಕ್ಕೊಮ್ಮೆ ಎಂದು ಹೇಳಿ ಎರಡು ತಿಂಗಳಲ್ಲಿ ನಿಲ್ಲಿಸುವುದಕ್ಕಿಂತ ತಿಂಗಳಿಗೆ ಎರಡು ಬಾರಿ ಎಂದು ಹೇಳಿ ವರ್ಷಪೂರ್ತಿ ನಡೆಸುವುದು ಮೇಲು. ಆರಂಭಿಸುವ ಮುನ್ನ ಕನಿಷ್ಠ ಆರು ಸಂಚಿಕೆಗಳ ದಾಸ್ತಾನು ಇರಲಿ. ಬಿತ್ತನೆ, ಸುಗ್ಗಿ, ಮಕ್ಕಳ ಪರೀಕ್ಷೆ, ಊರ ಜಾತ್ರೆ, ಅನಾರೋಗ್ಯ ಇವೆಲ್ಲ ಸ್ವತಂತ್ರ ಬರಹಗಾರರ ಮನೆಗೂ ಬರುತ್ತವೆ. ಅವರಿಗೆ ರಜೆಯಲ್ಲಿ ಬದಲಿ ಕೆಲಸ ಮಾಡುವ ಉಪಸಂಪಾದಕರಿಲ್ಲ.

ದಾಸ್ತಾನಿಗೆ ಹಳೆಯ ಅಂಕಣಗಳು ಉಪಯೋಗಕ್ಕೆ ಬರಬಹುದೇ ಎಂಬುದು ಸಹಜ ಪ್ರಶ್ನೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಬರಹದ ಮೊದಲ ಹಕ್ಕುದಾರರು ಸಾಮಾನ್ಯವಾಗಿ ಬರೆದವರೇ. ಪತ್ರಿಕೆಯ ನೌಕರಿಯಲ್ಲಿದ್ದು ಬರೆದದ್ದಾದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಅದನ್ನು ಪತ್ರಿಕೆಯಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದು. ಬಿಡಿಯಾಗಿ ಬರೆದವರು ಹಕ್ಕನ್ನು ವರ್ಗಾಯಿಸಿದ್ದರೆ ಅದು ಲಿಖಿತವಾಗಿಯೇ ಇರಬೇಕು. ಅದರಲ್ಲಿ ಅವಧಿ ಹೇಳಿರದಿದ್ದರೆ ಐದು ವರ್ಷವೆಂದು ಪರಿಗಣಿಸಲಾಗುತ್ತದೆ. ಹಳೆಯ ಕಾಗದಪತ್ರಗಳನ್ನು ಒಮ್ಮೆ ತೆಗೆದು ನೋಡುವುದು ಆದ್ದರಿಂದ ಲಾಭದಾಯಕ.

ಕನ್ನಡಕ್ಕೇ ವಿಶೇಷವಾದ ತೊಡಕುಗಳು

ಹಳೆಯ ನುಡಿ, ಬರಹ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಲೇಖನವನ್ನು ಹಾಗೆಯೇ ಅಂಟಿಸಿದರೆ ಓದುಗರಿಗೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಎಲ್ಲವನ್ನೂ ಯುನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿನಿಂದಲೇ ಪರಿಶೀಲಿಸಬೇಕು. ಪರಿವರ್ತಕ ತಂತ್ರಾಂಶಗಳು ಇಲ್ಲಿಯೇ ಹೆಚ್ಚು ಎಡವುತ್ತವೆ.

ಎರಡನೆಯದು ಗಾತ್ರ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಯುನಿಕೋಡ್ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. 'ಕ್ಕಿ' ಎಂಬ ಒಂದೇ ಅಕ್ಷರದಲ್ಲಿ ನಾಲ್ಕು ಸಂಕೇತಗಳಿದ್ದು ಹನ್ನೆರಡು ಬೈಟ್ ಆಗುತ್ತದೆ. ಸುಮಾರು 102 ಕಿಲೋಬೈಟ್ ಮೀರಿದ ಪತ್ರವನ್ನು ಜಿಮೇಲ್ ಕತ್ತರಿಸಿ, ಉಳಿದುದನ್ನು ನೋಡಲು ಬೇರೆ ಕೊಂಡಿ ಒತ್ತಿರೆಂದು ಕೇಳುತ್ತದೆ. ಲೇಖನದ ಕೊನೆಯಲ್ಲಿ ಇಟ್ಟ ಚಂದಾ ವಿವರ ಹೀಗೆ ಮರೆಯಾಗಬಹುದು. ದೀರ್ಘ ಲೇಖನವನ್ನು ಎರಡು ಕಂತುಗಳಾಗಿ ಕಳುಹಿಸುವುದು, ಬೇಡದ ಅಲಂಕಾರಗಳನ್ನು ತೆಗೆಯುವುದು ಇದಕ್ಕೆ ಪರಿಹಾರ.

ಮೂರನೆಯದು ಶೀರ್ಷಿಕೆ. ಕೈಫೋನಿನ ಕಿರಿದಾದ ತೆರೆಯಲ್ಲಿ ಕನ್ನಡದ ನಾಲ್ಕೈದು ಪದಗಳಷ್ಟೇ ಕಾಣುತ್ತವೆ. ಮುಖ್ಯ ಪದ ಮೊದಲೇ ಬರಲಿ. 'ನಮ್ಮ ಪತ್ರಿಕೆಯ ಹನ್ನೆರಡನೆಯ ಸಂಚಿಕೆ' ಎಂಬುದಕ್ಕಿಂತ 'ಹಿಡಕಲ್ ಕಾಲುವೆಗೆ ನೀರು ಯಾವಾಗ?' ಎಂಬುದನ್ನು ಓದುಗರು ತೆರೆಯುವ ಸಂಭವ ಹೆಚ್ಚು.

ಪತ್ರ ತಲುಪುವುದೇ?

2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು ಸಗಟಾಗಿ ಪತ್ರ ಕಳುಹಿಸುವವರಿಗೆ ನಿಯಮಗಳನ್ನು ಬಿಗಿಗೊಳಿಸಿವೆ. ದಿನಕ್ಕೆ 5,000ಕ್ಕೂ ಹೆಚ್ಚು ಪತ್ರಗಳನ್ನು ಜಿಮೇಲ್ ವಿಳಾಸಗಳಿಗೆ ಕಳುಹಿಸುವವರು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ದಾಖಲೆಗಳನ್ನು ಹೊಂದಿರಬೇಕು. ಒಂದೇ ಒತ್ತಿಗೆ ಪಟ್ಟಿಯಿಂದ ಹೊರಹೋಗುವ ಸೌಲಭ್ಯ ಕೊಡಬೇಕು. ಅನಪೇಕ್ಷಿತವೆಂದು ದೂರಿದವರ ಪ್ರಮಾಣ ಶೇ. 0.3ನ್ನು ಮುಟ್ಟಬಾರದು. ಸರಳವಾಗಿ ಹೇಳುವುದಾದರೆ, ಈ ಹೆಸರಿನಲ್ಲಿ ಪತ್ರ ಕಳುಹಿಸಲು ಯಾರಿಗೆ ಅಧಿಕಾರವಿದೆ ಎಂಬ ಪಟ್ಟಿ ಎಸ್‌ಪಿಎಫ್. ಪತ್ರ ದಾರಿಯಲ್ಲಿ ಬದಲಾಗಿಲ್ಲವೆಂಬ ಮುದ್ರೆ ಡಿಕಿಮ್. ಇವೆರಡೂ ಹೊಂದದಿದ್ದರೆ ಏನು ಮಾಡಬೇಕೆಂಬ ಸೂಚನೆ ಡಿಮಾರ್ಕ್. ವೇದಿಕೆಯ ವಿಳಾಸದಿಂದಲೇ ಕಳುಹಿಸಿದರೆ ಇವನ್ನು ವೇದಿಕೆಯವರು ನೋಡಿಕೊಳ್ಳುತ್ತಾರೆ. ಸ್ವಂತ ಹೆಸರಿನಿಂದ ಕಳುಹಿಸುವುದಾದರೆ, ಪಟ್ಟಿ ಚಿಕ್ಕದಿರುವಾಗಲೇ ಇವನ್ನು ಸರಿಪಡಿಸಿಕೊಳ್ಳಬೇಕು.

ಪರಿಚಯದವರ ವಿಳಾಸಗಳನ್ನೆಲ್ಲ ಕೇಳದೆಯೇ ಪಟ್ಟಿಗೆ ಸೇರಿಸುವ ಆಸೆ ಬರುವುದು ಸಹಜ. ಅದು ಹಾನಿಕರ. ಮೊದಲ ನೂರು ಜನರಲ್ಲಿ ಒಬ್ಬರು ದೂರಿದರೂ ಪ್ರಮಾಣ ಶೇ. 1 ಆಯಿತು. ಅಲ್ಲದೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ರೂಪುಗೊಂಡಿವೆ. ಸಮ್ಮತಿ ಪಡೆದು ವಿಳಾಸ ಸಂಗ್ರಹಿಸುವುದು, ಹೇಳಿದ ಉದ್ದೇಶಕ್ಕೆ ಮಾತ್ರ ಬಳಸುವುದು, ಕೇಳಿದರೆ ಅಳಿಸುವುದು ಇದರ ಮೂಲತತ್ತ್ವಗಳು.

ಹಣದ ಹಾದಿ

ಇಲ್ಲಿಯ ಬರಹಗಾರರು ಎದುರಿಸುವ ಬಲುದೊಡ್ಡ ಅಡ್ಡಿ ಇದೇ. ಸಬ್‌ಸ್ಟ್ಯಾಕ್ ಹಾಗೂ ಘೋಸ್ಟ್ ಚಂದಾ ಹಣವನ್ನು ಸ್ಟ್ರೈಪ್ ಎಂಬ ಸಂಸ್ಥೆಯ ಮೂಲಕ ಪಡೆಯುವಂತೆ ರೂಪುಗೊಂಡಿವೆ. ಸ್ಟ್ರೈಪ್ 2024ರಲ್ಲಿ ಭಾರತದಲ್ಲಿ ಹೊಸ ಖಾತೆಗಳನ್ನು ಆಹ್ವಾನದ ಮೇರೆಗೆ ಮಾತ್ರ ಕೊಡುವ ಪದ್ಧತಿಗೆ ಬಂದಿತು. ಹೊರದೇಶದ ಯಶೋಗಾಥೆಗಳನ್ನು ಓದಿ ಲೆಕ್ಕ ಹಾಕುವ ಮುನ್ನ ಇದನ್ನು ಗಮನಿಸಬೇಕು. ಇದಲ್ಲದೆ ರಿಸರ್ವ್ ಬ್ಯಾಂಕಿನ ನಿಯಮದಂತೆ 2021ರ ಅಕ್ಟೋಬರ್ 1ರಿಂದ, ಕಾರ್ಡಿನಿಂದ ತಾನಾಗಿಯೇ ಕಡಿತವಾಗುವ ಪಾವತಿಗೆ ಗ್ರಾಹಕರ ದೃಢೀಕೃತ ಸಮ್ಮತಿ ಹಾಗೂ 24 ಗಂಟೆ ಮುಂಚಿನ ಸೂಚನೆ ಕಡ್ಡಾಯ. ಪ್ರತಿ ತಿಂಗಳು ಸಣ್ಣ ಮೊತ್ತ ಪಡೆಯುವ ವ್ಯವಸ್ಥೆ ಇದರಿಂದ ತೊಡಕಿನದಾಗುತ್ತದೆ.

ಹೀಗಾಗಿ ಹಳೆಯ ಮಾಸಪತ್ರಿಕೆಗಳ ವಾರ್ಷಿಕ ಚಂದಾ ಪದ್ಧತಿಯೇ ನಮಗೆ ಹೆಚ್ಚು ಒಗ್ಗುತ್ತದೆ. ಯುಪಿಐ ಮೂಲಕ ವರ್ಷಕ್ಕೊಮ್ಮೆ ಹಣ ಪಡೆದು, ಕೂಡಲೇ ರಸೀದಿ ಕಳುಹಿಸಿ, ಹೆಸರು, ದಿನಾಂಕ, ಮುಗಿಯುವ ತಿಂಗಳುಗಳನ್ನು ವಹಿಯಲ್ಲಿ ಬರೆದಿಡಬೇಕು. ಇದಕ್ಕಾಗಿ ಬ್ಯಾಂಕಿನಲ್ಲಿ ಪ್ರತ್ಯೇಕ ಖಾತೆ ಇದ್ದರೆ ಲೆಕ್ಕ ಸುಲಭ. ಉದಾಹರಣೆಗೆ, ಒಬ್ಬರಿಗೆ ವರ್ಷಕ್ಕೆ 300 ರೂಪಾಯಿಯಂತೆ 300 ಚಂದಾದಾರರು ದೊರೆತರೆಂದು ಭಾವಿಸೋಣ. ವರ್ಷಕ್ಕೆ 90,000, ಅಂದರೆ ತಿಂಗಳಿಗೆ 7,500 ರೂಪಾಯಿ ಆಯಿತು. ಓಡಾಟ, ಅಂತರ್ಜಾಲ, ವೇದಿಕೆಯ ವೆಚ್ಚ ಕಳೆದರೆ ಇದು ಮನೆ ನಡೆಸುವ ಆದಾಯವಲ್ಲ; ಆದರೆ ಬರವಣಿಗೆಯನ್ನು ನಿಲ್ಲಿಸದಂತೆ ಕಾಯುವ ಆದಾಯ. ಇರುವ ನೌಕರಿಯನ್ನು ಬಿಟ್ಟು ಇದನ್ನೇ ನೆಚ್ಚಿಕೊಳ್ಳುವುದು ವಿವೇಕವಲ್ಲ. ಆದಾಯ ತೆರಿಗೆ ಹಾಗೂ ಜಿಎಸ್‌ಟಿ ವಿಷಯಗಳಲ್ಲಿ ಸ್ಥಳೀಯ ತೆರಿಗೆ ಸಲಹೆಗಾರರನ್ನು ಮೊದಲೇ ವಿಚಾರಿಸುವುದು ಒಳ್ಳೆಯದು.

ಹಣ ಪಡೆದ ದಿನದಿಂದ ಬರಹಗಾರರು ಸಾಲಗಾರರಾಗುತ್ತಾರೆ ಎಂಬುದನ್ನು ಮರೆಯಬಾರದು. ವರ್ಷದ ನಡುವೆ ನಿಲ್ಲಿಸಬೇಕಾಗಿ ಬಂದರೆ ಉಳಿದ ತಿಂಗಳುಗಳ ಹಣವನ್ನು ಹಿಂದಿರುಗಿಸುವಷ್ಟು ಮೊತ್ತ ಖಾತೆಯಲ್ಲಿರಬೇಕು. ಕನಿಷ್ಠ ಆರು ತಿಂಗಳು ಉಚಿತವಾಗಿ, ತಪ್ಪದೆ ನಡೆಸಿದ ಮೇಲೆಯೇ ಚಂದಾ ಕೇಳುವುದು ಇಬ್ಬರಿಗೂ ಕ್ಷೇಮ.

ಸಂಪಾದಕರಿಲ್ಲದ ಹೊಣೆ

ಪತ್ರಿಕೆಯಲ್ಲಿ ವರದಿಯನ್ನು ತಡೆದು ಪ್ರಶ್ನಿಸುವವರೊಬ್ಬರು ಇರುತ್ತಾರೆ. ಸ್ವತಂತ್ರ ಬರಹದಲ್ಲಿ ಅವರಿಲ್ಲ. ತಾಲೂಕಿನ ಸಕ್ಕರೆ ಕಾರ್ಖಾನೆ, ಸಹಕಾರಿ ಸಂಘಗಳ ವ್ಯವಹಾರ, 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಚುನಾವಣೆ, ಮಠಮಾನ್ಯಗಳ ವಿಷಯ ಬರೆಯುವಾಗ ಬರೆಯುವವರೂ ಬರೆಯಿಸಿಕೊಳ್ಳುವವರೂ ಮರುದಿನ ಸಂತೆಯಲ್ಲಿ ಎದುರಾಗುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಲ್ಲಿಯೂ ಮಾನಹಾನಿ ಅಪರಾಧವಾಗಿಯೇ ಉಳಿದಿದೆ. ಆದ್ದರಿಂದ ಪ್ರತಿ ಆರೋಪಕ್ಕೂ ಕಾಗದದ ಆಧಾರ, ಆರೋಪ ಹೊತ್ತವರ ಉತ್ತರ, ಮತ್ತು ಕಳುಹಿಸುವ ಮುನ್ನ ಇನ್ನೊಬ್ಬರ ಓದು ಇವು ಮೂರೂ ಇರಬೇಕು. ಮೂರು ತಾಲೂಕುಗಳ ನಾಲ್ಕೈದು ಬರಹಗಾರರು ಒಬ್ಬರ ಬರಹವನ್ನು ಇನ್ನೊಬ್ಬರು ತಿದ್ದುವ ಒಪ್ಪಂದ ಮಾಡಿಕೊಂಡರೆ ಖರ್ಚಿಲ್ಲದೆ ಸಂಪಾದಕ ಮಂಡಳಿಯೊಂದು ದೊರೆತಂತಾಗುತ್ತದೆ. ತಪ್ಪಾದಾಗ ಮುಂದಿನ ಸಂಚಿಕೆಯ ಆರಂಭದಲ್ಲಿಯೇ ತಿದ್ದುಪಡಿ ಬರಬೇಕು. ಒಮ್ಮೆ ಕಳುಹಿಸಿದ ಪತ್ರವನ್ನು ಹಿಂದಕ್ಕೆ ಕರೆಯಲಾಗದು.

ಬೆಳವಣಿಗೆಯನ್ನು ಅಳೆಯುವುದು ಹೇಗೆ?

ಎಷ್ಟು ಜನ ಪತ್ರ ತೆರೆದರು ಎಂಬ ಅಂಕಿ ಎಲ್ಲ ವೇದಿಕೆಗಳಲ್ಲಿಯೂ ಕಾಣುತ್ತದೆ. ಆದರೆ 2021ರಲ್ಲಿ ಆ್ಯಪಲ್ ಸಂಸ್ಥೆ ತನ್ನ ಅಂಚೆ ತಂತ್ರಾಂಶದಲ್ಲಿ ಗೋಪ್ಯತಾ ರಕ್ಷಣೆಯನ್ನು ತಂದ ಮೇಲೆ, ಓದುಗರು ತೆರೆಯದಿದ್ದರೂ ತೆರೆದಂತೆ ದಾಖಲಾಗುವುದುಂಟು. ಅದಕ್ಕಿಂತ ನಂಬಬಹುದಾದ ಗುರುತುಗಳು ನಾಲ್ಕು: ಉತ್ತರ ಬರೆದವರ ಸಂಖ್ಯೆ, ಮತ್ತೊಬ್ಬರಿಗೆ ಕಳುಹಿಸಿದ್ದರಿಂದ ಬಂದ ಹೊಸ ಓದುಗರು, ಆರು ತಿಂಗಳ ನಂತರವೂ ಉಳಿದವರು, ಚಂದಾ ನವೀಕರಿಸಿದವರು. ಪ್ರತಿ ತಿಂಗಳು ಈ ನಾಲ್ಕು ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟರೆ ವರ್ಷಾಂತ್ಯಕ್ಕೆ ಪತ್ರಿಕೆಯ ನಿಜಸ್ಥಿತಿ ತಿಳಿಯುತ್ತದೆ. ಆರು ತಿಂಗಳಿಂದ ಯಾವ ಸ್ಪಂದನವೂ ಇಲ್ಲದವರಿಗೆ 'ಇನ್ನೂ ಬೇಕೇ?' ಎಂದು ಒಮ್ಮೆ ಕೇಳಿ, ಉತ್ತರವಿಲ್ಲದಿದ್ದರೆ ಹೆಸರು ತೆಗೆಯುವುದರಿಂದ ಪಟ್ಟಿ ಕಿರಿದಾದರೂ ಆರೋಗ್ಯವಾಗಿರುತ್ತದೆ.

ಕೊನೆಯ ಮಾತು

ಬಸವರಾಜ ಕಟ್ಟೀಮನಿಯವರು ಗೋಕಾಕ ತಾಲೂಕಿನ ಮಲಾಮರಡಿಯವರು. ಚಂದ್ರಶೇಖರ ಕಂಬಾರರು ಹುಕ್ಕೇರಿ ತಾಲೂಕಿನ ಘೋಡಗೇರಿಯವರು. ದೊಡ್ಡ ಊರಿನಲ್ಲಿ ಹುಟ್ಟಿದವರಿಗೆ ಮಾತ್ರ ಓದುಗರು ದೊರೆಯುತ್ತಾರೆ ಎಂಬ ಮಾತನ್ನು ಈ ನೆಲ ಹಿಂದೆಯೇ ಸುಳ್ಳು ಮಾಡಿದೆ. ಅವರ ಕಾಲದಲ್ಲಿ ಓದುಗರನ್ನು ತಲುಪಲು ಪ್ರಕಾಶಕರು, ಮುದ್ರಣಾಲಯ, ಅಂಚೆ ಇಲಾಖೆ ಬೇಕಾಗಿತ್ತು. ಈಗ ಒಂದು ಗಣಕಯಂತ್ರ ಸಾಕು. ಆದರೆ ಆ ಮೂವರೂ ಮಾಡುತ್ತಿದ್ದ ಕೆಲಸವನ್ನು ಬರಹಗಾರರೊಬ್ಬರೇ ಮಾಡಬೇಕಾಗಿದೆ.

ಆರಂಭಿಸಲು ಇಚ್ಛಿಸುವವರು ಈ ವಾರ ಮಾಡಬಹುದಾದ ಕೆಲಸ ಚಿಕ್ಕದು. ತಮ್ಮ ಬರಹವನ್ನು ನಿಜವಾಗಿ ಓದುವ ಐವತ್ತು ಜನರ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆಯಬೇಕು. ಒಬ್ಬೊಬ್ಬರಿಗೂ ಫೋನ್ ಮಾಡಿ ಒಪ್ಪಿಗೆ ಕೇಳಬೇಕು. ಒಪ್ಪಿದವರು ಮೂವತ್ತೇ ಆದರೂ, ಆ ಮೂವತ್ತು ವಿಳಾಸಗಳು ಬರಹಗಾರರ ಸ್ವಂತದ್ದು. ಅಷ್ಟನ್ನು ಕೈಯಲ್ಲಿಟ್ಟುಕೊಳ್ಳದೆ ದಿನಪತ್ರಿಕೆಯನ್ನು ನಡೆಸಿದ ನಾವು ಈ ಮಾತನ್ನು ಅನುಭವದಿಂದ ಹೇಳುತ್ತಿದ್ದೇವೆ.